ವಿದ್ಯುತ್ ಗರಗಸ: ನಿರ್ವಹಣೆ ಮತ್ತು ಸುರಕ್ಷತೆ

ಮರಗೆಲಸದ ಅಂಗಡಿಗಳಲ್ಲಿ ಮೇಜಿಗೆ ಅಳವಡಿಸಿದ ವಿದ್ಯುತ್ ಗರಗಸವು ಸಾಮಾನ್ಯ ಸಾಧನ. 300 ಮಿಲಿಮೀಟರ್ ವ್ಯಾಸದ ದುಂಡು ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಅದರ ಹಲ್ಲುಗಳು ಸೆಕೆಂಡಿಗೆ ಸುಮಾರು 47 ಮೀಟರ್ ವೇಗದಲ್ಲಿ ಚಲಿಸುತ್ತವೆ. ತಗುಲಿದ ಕೈಯನ್ನು ಹಿಂದೆಗೆಯಲು ಆಗ ಸಮಯವೇ ದೊರೆಯದು. ಆದುದರಿಂದ ಯಂತ್ರವನ್ನು ಚಾಲನೆಗೊಳಿಸುವ ಮೊದಲೇ ಎಚ್ಚರಿಕೆ ಆರಂಭವಾಗಬೇಕು.

ಮೊಂಡು ಅಲಗಿನಿಂದ ಅಪಾಯ ಕಡಿಮೆಯೆಂಬುದು ತಪ್ಪು ಕಲ್ಪನೆ. ಹರಿತವಿಲ್ಲದ ಹಲ್ಲು ಮರವನ್ನು ಕೊಯ್ಯದೆ ಉಜ್ಜುತ್ತದೆ. ಅಲಗು ಕಾಯುತ್ತದೆ, ಮೋಟಾರಿನ ಮೇಲೆ ಭಾರ ಹೆಚ್ಚುತ್ತದೆ. ಕೆಲಸಗಾರನು ಹಲಗೆಯನ್ನು ಬಲವಾಗಿ ತಳ್ಳಬೇಕಾಗಿ ಕೈ ಜಾರುವ ಸಂಭವವಿರುತ್ತದೆ. ಕೊಯ್ದ ಅಂಚಿನಲ್ಲಿ ಸುಟ್ಟ ಕಲೆ ಕಂಡುಬಂದರೆ ಅಲಗನ್ನು ಪರೀಕ್ಷಿಸಿ ಸಾಣೆ ಹಿಡಿಸಬೇಕು. ಬಿರುಕುಬಿಟ್ಟ ಅಲಗನ್ನು ಬೆಸೆದು ಬಳಸಕೂಡದು.

ಅಲಗಿನ ಹಿಂಬದಿಯ ಸೀಳುಗತ್ತಿಯು, ಕೊಯ್ದ ಸೀಳು ಮುಚ್ಚಿಕೊಂಡು ಹಲಗೆಯು ಕೆಲಸಗಾರನತ್ತ ಚಿಮ್ಮುವುದನ್ನು ತಡೆಯುತ್ತದೆ. ಅದಕ್ಕೂ ಹಲ್ಲುಗಳಿಗೂ ನಡುವಣ ಅಂತರ 8 ಮಿಲಿಮೀಟರ್ ಮೀರಬಾರದು. ಮೇಲಿನ ರಕ್ಷಾಕವಚವನ್ನು ಕೆಲಸದ ಅವಸರಕ್ಕಾಗಿ ಕಳಚಿಡಬಾರದು. ಚಿಕ್ಕ ತುಂಡುಗಳನ್ನು ಕೈಯಿಂದಲ್ಲ, ತಳ್ಳುಗೋಲಿನಿಂದ ಮುಂದೂಡಬೇಕು. ಸಡಿಲ ಉಡುಪು ಮತ್ತು ಕೈಗವಸು ಸಲ್ಲದು. ಕಣ್ಣಿಗೆ ಕನ್ನಡಕ ಅವಶ್ಯ.

ಅಲಗು ಬದಲಿಸುವಾಗಲೂ ಹೊಟ್ಟು ತೆಗೆಯುವಾಗಲೂ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಳಚಬೇಕು. ತಂತಿಯ ಹೊದಿಕೆ ಮತ್ತು ಭೂಸಂಪರ್ಕಗಳನ್ನು ಆಗಾಗ ಪರೀಕ್ಷಿಸುವುದು ಅಗತ್ಯ. ಮೋಟಾರಿನ ಗಾಳಿಕಿಂಡಿಯಲ್ಲಿ ಕಟ್ಟಿಕೊಂಡ ಹೊಟ್ಟು ಶಾಖವನ್ನು ತಡೆದು ಬೆಂಕಿಗೂ ಕಾರಣವಾಗಬಹುದು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಆದಕಾರಣ ಧೂಳನ್ನು ಊದಿ ಹಾರಿಸದೆ, ಹೀರುಯಂತ್ರದಿಂದ ತೆಗೆಯಬೇಕು.

ದಿನವೂ ಕೆಲವು ನಿಮಿಷಗಳ ಈ ಪರಿಶೀಲನೆಯಿಂದ ಯಂತ್ರದ ಬಾಳಿಕೆ ಹೆಚ್ಚುವುದು. ದುಡಿಯುವ ಕೈಯೂ ಉಳಿಯುವುದು.