ಹಲಗಿಯ ನಾದ

ಮರೋಳವೂ ಸೇರಿದಂತೆ ಹುನಗುಂದ ಸೀಮೆಯ ಹಳ್ಳಿಗಳಲ್ಲಿ ಆಟಕ್ಕೂ ವಾದ್ಯಕ್ಕೂ ನಿಕಟವಾದ ನಂಟುಂಟು. ಜಾತ್ರೆಯ ಕುಸ್ತಿಯ ಕಣದಲ್ಲಿ ಜಟ್ಟಿಗಳು ಸೆಣಸುವಾಗ ಹಲಗಿಯ ಪೆಟ್ಟು ಅವರಲ್ಲಿ ಹುರುಪು ತುಂಬುತ್ತದೆ. ಬಾಗಲಕೋಟೆಯ ಹೋಳಿಯ ಬಣ್ಣದಾಟಕ್ಕೂ ಹಲಗಿಯ ನಾದವೇ ಕಳೆ.

ಈ ವಾದ್ಯದ ರಚನೆ ಸರಳವಾದುದು. ದುಂಡನೆಯ ಕಟ್ಟಿಗೆಯ ಬಳೆಯ ಒಂದು ಮೈಗೆ ಹದಮಾಡಿದ ತೊಗಲನ್ನು ಬಿಗಿದಿರುತ್ತಾರೆ. ತೇವವನ್ನು ಹೀರಿದಾಗ ತೊಗಲು ಸಡಿಲಗೊಂಡು ದನಿ ಕುಗ್ಗುತ್ತದೆ. ಆದುದರಿಂದ ವಾದಕರು ಅದನ್ನು ಉರಿಗೆ ಹಿಡಿದು ಕಾಯಿಸುತ್ತಾರೆ. ತೇವವಾರಿ ತೊಗಲು ಬಿಗಿದೊಡನೆ ನಾದವು ಖಣಖಣಿಸುತ್ತದೆ. ಒಂದು ಕೈಯ ದಪ್ಪ ಕೋಲು, ಇನ್ನೊಂದು ಕೈಯ ತೆಳುವಾದ ಕಡ್ಡಿ, ಇವೆರಡರ ಹೊಂದಾಣಿಕೆಯಿಂದ ಬಗೆಬಗೆಯ ಗತ್ತುಗಳು ಹುಟ್ಟುತ್ತವೆ.

ಚರ್ಮವಾದ್ಯಗಳ ಪರಂಪರೆ ಈ ನಾಡಿನಲ್ಲಿ ಬಹು ಹಳೆಯದು. ಆರನೆಯ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜನ ಬಳಿ ಚರ್ಮವಾದ್ಯ ನುಡಿಸುವವನನ್ನು ಶಿಲ್ಪಿಯು ಕಡೆದಿದ್ದಾನೆ. ಕಲ್ಲಿನಲ್ಲಿ ವಾದಕನನ್ನು ದೇವರ ಬಳಿ ನಿಲ್ಲಿಸಿದ ಸಮಾಜವು ಹಲಗಿ ಬಾರಿಸುವ ದಲಿತ ಕಲಾವಿದರನ್ನು ಗುಡಿಯ ಹೊರಗೆ ನಿಲ್ಲಿಸಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ನಾದಕ್ಕೆ ತಲೆದೂಗುವವರು ಅದನ್ನು ಹೊಮ್ಮಿಸುವ ಕೈಗಳನ್ನೂ ಗೌರವಿಸಬೇಕು. ಹಾಗಾದಾಗಲೇ ಹಲಗಿಯ ಕಲೆ ಮುಂದಿನ ತಲೆಮಾರಿಗೆ ಹೆಮ್ಮೆಯಿಂದ ಸಾಗೀತು.