ಬೆಸುಗೆ: ಕಲಾಶಾಲೆಯಲ್ಲಿ ಆಭರಣ ವಿದ್ಯೆಯ ಒಂದು ಪಾಠ

ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ 1857ರಲ್ಲಿ ಆರಂಭವಾಯಿತು. ಚಿತ್ರ, ಶಿಲ್ಪಗಳೊಂದಿಗೆ ಕರಕುಶಲ ವಿದ್ಯೆಗಳನ್ನೂ ಕಲಿಸುವ ಸಲುವಾಗಿ 1891ರಲ್ಲಿ ಅಲ್ಲಿ ರೇ ಕಲಾ ಕಾರ್ಯಾಗಾರಗಳನ್ನು ತೆರೆಯಲಾಯಿತು. ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಸಲ್ಲುತ್ತಿದ್ದ ಲೋಹವಿದ್ಯೆ ಇಂತಹ ಶಾಲೆಗಳ ಮೂಲಕ ಅನ್ಯ ಮನೆತನಗಳ ಮಕ್ಕಳಿಗೂ, ಕ್ರಮೇಣ ಹೆಣ್ಣುಮಕ್ಕಳಿಗೂ ಲಭ್ಯವಾಯಿತು. ಆದರೆ ಮನೆಯ ಕುಲುಮೆಯ ಮುಂದೆ ಬಾಲ್ಯದಿಂದ ಕುಳಿತವನಿಗೆ ತಾನಾಗಿ ಒಲಿಯುತ್ತಿದ್ದ ಹದವನ್ನು ತರಗತಿಯ ವಿದ್ಯಾರ್ಥಿ ಕಾರಣಸಹಿತವಾಗಿ ಅರಿಯಬೇಕಾಗುತ್ತದೆ.

ಅಭ್ಯಾಸಕ್ಕೆ ಸಾಮಾನ್ಯವಾಗಿ ತಾಮ್ರದ ತಗಡನ್ನು ಕೊಡಲಾಗುತ್ತದೆ. ಕೂದಲೆಳೆಯಂತಹ ಗರಗಸದ ಅಲಗನ್ನು ಅದರ ಹಲ್ಲುಗಳು ಹಿಡಿಯತ್ತ ಬಾಗುವಂತೆ ಕಟ್ಟಿ, ತಗಡಿಗೆ ನೇರವಾಗಿ ನಿಲ್ಲಿಸಿ ಕೊಯ್ಯಬೇಕು. ಆತುರಪಟ್ಟರೆ ಅಲಗು ಮುರಿಯುತ್ತದೆ. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ; ಮುಂದೆಯೂ ಬಡಿಯುತ್ತಲೇ ಹೋದರೆ ಸೀಳುತ್ತದೆ. ಅದನ್ನು ಮಂದ ಕೆಂಪಿನವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮತ್ತೆ ಮೃದುವಾಗುತ್ತದೆ. ಕಾಯಿಸಿ ನೀರಿಗದ್ದಿದರೆ ಉಕ್ಕು ಗಡುಸಾಗುತ್ತದೆಂದು ತಿಳಿದ ವಿದ್ಯಾರ್ಥಿಗೆ ಇದು ಮೊದಲ ಅಚ್ಚರಿ.

ನಿಜವಾದ ಪರೀಕ್ಷೆ ಬೆಸುಗೆಯದು. ಹೊಸಬರು ಜ್ವಾಲೆಯನ್ನು ಬೆಸುಗೆಯ ಚೂರಿನ ಮೇಲೆಯೇ ಹಿಡಿಯುತ್ತಾರೆ. ಚೂರು ಕರಗಿ ಗುಂಡಾಗಿ ಉರುಳುತ್ತದೆ; ಸಂದು ಹಾಗೆಯೇ ಉಳಿಯುತ್ತದೆ. ಕರಗಿದ ಬೆಸುಗೆ ಶಾಖವಿದ್ದ ಕಡೆಗೆ ಹರಿಯುವುದರಿಂದ ಕಾಯಿಸಬೇಕಾದುದು ಆಭರಣವನ್ನು, ಅದೂ ಸಂದಿನ ಎರಡು ಬದಿಗಳನ್ನು ಸಮವಾಗಿ. ಸಂದು ಬೆಳಕಿಗೆ ಹಿಡಿದರೂ ಬೆಳಕು ತೂರದಷ್ಟು ಬಿಗಿಯಾಗಿರಬೇಕು. ಅಗಲವಾದ ಬಿರುಕನ್ನು ಬೆಸುಗೆ ತುಂಬಲಾರದು. ಕಾದ ಲೋಹದ ಮೇಲೆ ಕಿಟ್ಟ ಕಟ್ಟದಂತೆ ಬಿಳಿಗಾರವನ್ನು ನೀರಿನಲ್ಲಿ ತೇಯ್ದು ಹಚ್ಚಲಾಗುತ್ತದೆ. ಶೇಕಡ 92.5 ಶುದ್ಧತೆಯ ಬೆಳ್ಳಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಬೆಳ್ಳಿ, ತಾಮ್ರ, ಸತುಗಳು ಬೆರೆತ ಬೆಸುಗೆ ಅದಕ್ಕಿಂತ ಸ್ವಲ್ಪವೇ ಮೊದಲು ಹರಿಯುತ್ತದೆ. ಈ ಕಿರಿದಾದ ಅಂತರದಲ್ಲಿ ಕಣ್ಣು ತಪ್ಪಿದರೆ ವಾರದ ಶ್ರಮವೆಲ್ಲ ಕ್ಷಣದಲ್ಲಿ ಮುದ್ದೆಯಾಗುತ್ತದೆ. ಲೋಹದ ಬಣ್ಣವೇ ಇಲ್ಲಿ ಸೂಚನೆ. ಅದು ಸ್ಪಷ್ಟವಾಗಿ ಕಾಣಲು ಕುಲುಮೆಗೆ ಮಬ್ಬು ಬೆಳಕಿನ ಮೂಲೆಯೇ ಮೇಲು.

ಚಿನ್ನದ ಬೆಸುಗೆಯ ಪ್ರಶ್ನೆ ಕೊಳ್ಳುವವರಿಗೂ ಸಂಬಂಧಿಸಿದ್ದು. ಹಳೆಯ ಒಡವೆಯನ್ನು ಮಾರುವಾಗ ಬೆಸುಗೆಗೆಂದು ತೂಕ ಕಳೆಯುವುದನ್ನು ಅನೇಕರು ಕಂಡಿದ್ದಾರೆ. ತಾಮ್ರ, ಬೆಳ್ಳಿ ಹೆಚ್ಚಾಗಿ ಬೆರೆತ ಬೆಸುಗೆ ಇಡೀ ಒಡವೆಯ ಶುದ್ಧತೆಯನ್ನು ತಗ್ಗಿಸುತ್ತಿತ್ತು. ಇದನ್ನು ತಪ್ಪಿಸಲು ಚಿನ್ನಕ್ಕೆ ಸ್ವಲ್ಪವೇ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಂತು, ಕೆ.ಡಿ.ಎಂ. ಎಂಬ ಮಾತು ಅಂಗಡಿಗಳಲ್ಲಿ ಶುದ್ಧತೆಗೆ ಪರ್ಯಾಯವೆಂಬಂತೆ ಬಳಕೆಯಾಯಿತು. ಕ್ಯಾಡ್ಮಿಯಂ 767 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಸೆಯುವವನ ಶ್ವಾಸಕೋಶಕ್ಕೆ ಅದರ ಹೊಗೆ ಸೇರುತ್ತದೆ. ಉಪದ್ರವ ಕಾಣಿಸಿಕೊಳ್ಳುವುದು ಕೆಲವು ಗಂಟೆಗಳ ನಂತರವಾದ್ದರಿಂದ ಕಾರಣ ಹೊಳೆಯುವುದೂ ಕಷ್ಟ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲಿ ಕ್ಯಾಡ್ಮಿಯಮನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಕೊರಳ ಸರದ ಶುದ್ಧತೆಗೆ ಅಕ್ಕಸಾಲಿಗನ ಉಸಿರು ಬೆಲೆಯಾಗಬಾರದು. ಆದ್ದರಿಂದ ತರಗತಿಯಲ್ಲಿ ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಬಳಸಬೇಕು. ಒಲೆಯ ಬಳಿ ಹೊಗೆಯನ್ನು ಹೊರಗೆಳೆಯುವ ಬೀಸಣಿಗೆ ಇರಲೇಬೇಕು.

ಇನ್ನು ಶುದ್ಧತೆಗೆ ಆಧಾರ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಮುದ್ರೆ. ಚಿನ್ನದ ಒಡವೆಗಳಿಗೆ ಅದು 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 22 ಕ್ಯಾರೆಟ್ ಒಡವೆಯ ಮೇಲಿನ 916 ಎಂಬ ಅಂಕಿ, ಸಾವಿರ ಪಾಲಿನಲ್ಲಿ 916 ಪಾಲು ಚಿನ್ನವೆಂಬುದನ್ನು ಸೂಚಿಸುತ್ತದೆ. ಜೊತೆಗಿರುವ ಆರು ಅಕ್ಷರ-ಅಂಕಿಗಳ ಗುರುತು ಪ್ರತಿ ಒಡವೆಗೂ ಬೇರೆಯಾದುದು.

ಬೆಂಕಿಯ ನೆರವಿಲ್ಲದೆಯೂ ಲೋಹಗಳನ್ನು ಕೂಡಿಸಬಹುದು. ಇದಕ್ಕೆ ಬೀದರಿನ ಬಿದ್ರಿ ಕಲೆಗಿಂತ ಉತ್ತಮ ಉದಾಹರಣೆ ದೊರೆಯಲಾರದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಸವರಿ, ಗೆರೆಗಳು ಕಾಣುವಂತೆ ತಾತ್ಕಾಲಿಕವಾಗಿ ಕಪ್ಪಾಗಿಸಲಾಗುತ್ತದೆ. ಚಾಣದಿಂದ ಕೆತ್ತಿದ ಸೀಳಿನಲ್ಲಿ ಬೆಳ್ಳಿಯ ತಂತಿಯನ್ನಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದು ಭದ್ರವಾಗುತ್ತದೆ, ಬೆಸುಗೆ ಬೇಕಿಲ್ಲ. ಉಜ್ಜಿ ಒಪ್ಪವಿಟ್ಟಾಗ ಇಡೀ ಪಾತ್ರೆ ಬಿಳುಪಾಗಿ, ಕುಸುರಿ ಕಣ್ಣಿಗೆ ಮರೆಯಾಗುತ್ತದೆ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣದ ಸಂಸ್ಕಾರವಾದ ಮೇಲೆ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ.