ತಪ್ಪು ಯಾರದೆಂದು ಆಮೇಲೆ ಕೇಳೋಣ

ಅಪಘಾತವಾದ ಕೂಡಲೇ ಮಂದಿ ಸೇರಿ ಕೇಳುವ ಮೊದಲ ಮಾತು, ತಪ್ಪು ಯಾರದು? 'ಅವನೇ ಅಡ್ಡ ಬಂದ' ಅಂತ ಗಾಡಿಯವರು, 'ಅವನೇ ಮೈಮೇಲೆ ತಂದ' ಅಂತ ನಡೆಯುವವರು. ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ. ಅದಕ್ಕೇ ನನ್ನ ಮೊದಲ ಬೈಗುಳ ಗಾಡಿ ಓಡಿಸುವ ನಿಮಗೆ.

ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳದ ರಸ್ತೆ ತುಂಬ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಕಬ್ಬು ಎರಡೂ ಬದಿಗೆ ಚಾಚಿರುತ್ತದೆ, ಹಿಂದಿನ ದೀಪವನ್ನು ಸೋಗೆ ಮುಚ್ಚಿರುತ್ತದೆ. ಪಂಕ್ಚರ್ ಆದಾಗ ಗಾಲಿಗೆ ಕೊಟ್ಟ ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೊರಡುತ್ತೀರಲ್ಲ, ಕತ್ತಲಲ್ಲಿ ಬರುವವರ ಗತಿ ಏನು? ಕಲ್ಲು ತೆಗೆಯಿರಿ, ರಿಫ್ಲೆಕ್ಟರ್ ಒರೆಸಿರಿ, ಹಿಂದಿನವರ ಹಾರ್ನ್ ಕೇಳುವಷ್ಟು ಹಾಡು ತಗ್ಗಿಸಿರಿ. 2024ರ ಜನವರಿಯಲ್ಲಿ ಆಲಗೂರ ಬಳಿ ಶಾಲಾ ಬಸ್ಸು, ಟ್ರ್ಯಾಕ್ಟರ್ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡ ನೋವು ಇನ್ನೂ ಆರಿಲ್ಲ.

ಕಾರಿನವರೇ, ಬೈಕಿನವರೇ, 60 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಸಾಗಿರುತ್ತೀರಿ. ಊರು ಬಂದಾಗ ನಿಧಾನಿಸಿ. ಆತುರಗಾರನಿಗೆ ಬುದ್ಧಿ ಮಟ್ಟ. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಡಲೇಬೇಡಿ. ಕಾನೂನಿನಂತೆ 25,000 ರೂಪಾಯಿ ದಂಡ, 3 ವರ್ಷದವರೆಗಿನ ಜೈಲು ನಿಮ್ಮ ತಲೆಗೇ ಬರುತ್ತದೆ.

ಇನ್ನು ನಡೆಯುವವರು. ಒಂದೇ ಕೈಯಿಂದ ಚಪ್ಪಾಳೆ ಆಗದು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ರಾತ್ರಿ ಪಾಳಿ ಮುಗಿಸಿ ಬರುವಾಗ ಮೊಬೈಲ್ ಜೇಬಿನಲ್ಲಿರಲಿ. ಬೀಳಗಿಯಲ್ಲಿ ಬಸ್ಸಿಳಿದವರು ಅದರ ಮುಂದಿನಿಂದಲೇ ನುಸುಳಬೇಡಿ, ಬಸ್ಸು ಹೋಗಲಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಬಿಸಿಲು ತಪ್ಪಿಸಲು ನಸುಕಿನಲ್ಲೇ ಹೊರಡುತ್ತೀರಿ. ಭಕ್ತಿ ದೊಡ್ಡದು, ನಿಜ. ಆದರೆ ಸಾಲುಸಾಲಾಗಿ ರಸ್ತೆ ತುಂಬ ನಡೆಯಬೇಡಿ. ಬಲಬದಿ ಹಿಡಿದು, ಎದುರಿನ ಗಾಡಿ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ಹೋಗಿ. ಚೀಲಕ್ಕೂ ಕಂಬಿಗೂ ಹೊಳೆಯುವ ಪಟ್ಟಿ ಅಂಟಿಸಿ. ನಿಮ್ಮ ತಪ್ಪೂ ಇದೆಯೆಂದು ಕಂಡರೆ ಕೋರ್ಟು ಪರಿಹಾರದಲ್ಲಿ ಕಡಿತ ಮಾಡುವುದುಂಟು.

ಇಷ್ಟಾಗಿಯೂ ಅಪಘಾತವಾದರೆ ಚಾಲಕನನ್ನು ಹೊಡೆಯಲು ಹೋಗಬೇಡಿ, ಗಾಯಾಳುವನ್ನು ಎತ್ತಿರಿ. ಚಾಲಕರೇ, ನೀವೂ ಓಡಬೇಡಿ, ಆಸ್ಪತ್ರೆಗೆ ಸೇರಿಸುವುದು ನಿಮ್ಮದೇ ಹೊಣೆ. ನೆರವಾದವರಿಗೆ 2019ರ ತಿದ್ದುಪಡಿಯ ರಕ್ಷಣೆಯಿದೆ, ಪೊಲೀಸರ ಹೆದರಿಕೆ ಬೇಡ. ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಕೈಚೆಲ್ಲಬೇಡಿ: 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅರ್ಜಿ ಎಲ್ಲಿ ಕೊಡಬೇಕೆಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.